ಕಂಬದ ಮೇಲಿನ ಗಿಳಿ

ಇವತ್ತು ರಾಯದುರ್ಗದ ಕೋಟೆಯ ಕೆಳಗಿನ ಗುಡಿಗೆ ಹೋದರೆ ಹಸಿ ಸಿಮೆಂಟಿನ ವಾಸನೆ.

ನನ್ನಪ್ಪ ಟೈಲರ್. ನಾನು ಚಿಕ್ಕವಳಿದ್ದಾಗ, ರವಿಕೆಗೆ ಹೊಸ ಅಂಚಿನ ಚಿತ್ತಾರ ಬೇಕಾದಾಗಲೆಲ್ಲ ನನ್ನನ್ನು ಇಲ್ಲಿಗೆ ಕರೆತರುತ್ತಿದ್ದ. ಕಲ್ಲುಕಂಬದ ಮೇಲೆ ಕೆತ್ತಿದ್ದ ಬಳ್ಳಿಗೆ ನಾನು ತೆಳು ಹಾಳೆ ಒತ್ತಿ ಹಿಡಿಯಬೇಕಿತ್ತು. ಅವನು ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣವನ್ನು ಅದರ ಮೇಲೆ ಉಜ್ಜುತ್ತಿದ್ದಂತೆ ಎಲೆ, ಮೊಗ್ಗು, ಕೊನೆಗೊಂದು ಗಿಳಿ ಮೂಡುತ್ತಿತ್ತು.

"ಅಲ್ಲಾಡಬ್ಯಾಡವ್ವಾ, ಗಿಳಿ ಹಾರಿ ಹೋಗ್ತೈತಿ," ಅನ್ನುತ್ತಿದ್ದ.

ಈಗ ಆ ಕಂಬಕ್ಕೆ ಬುಡದಿಂದ ತುದಿಯವರೆಗೆ ಟೈಲ್ಸ್ ಅಂಟಿಸಿದ್ದಾರೆ.

"ಹೆಂಗ ಮಿಂಚಾಕತ್ತೈತಿ ನೋಡ್ರಿ! ಊರೋರೆಲ್ಲ ಸೇರಿ ಹಾಕ್ಸೀವಿ," ಎಂದರು ಪೂಜಾರಿ, ಕಣ್ತುಂಬ ಸಂತೋಷದಿಂದ.

"ಹೌದ್ರಿ," ಎಂದೆ.

ಮನೆಗೆ ಬಂದು, ಅಪ್ಪ ಉಜ್ಜಿದ ಹಾಳೆಗಳಲ್ಲಿ ಉಳಿದಿದ್ದ ಒಂದೇ ಒಂದನ್ನು ಬಿಚ್ಚಿದೆ. ಗಿಳಿಯ ರೆಕ್ಕೆ ನೀಲಿ ಪುಡಿಯಾಗಿ ಮಡಿಲಿಗೆ ಉದುರಿತು. ಅಲ್ಲಾಡದೆ ಕೂತಿದ್ದೇನೆ.