ಚುಚ್ಚದ ಸೂಜಿಯ ನೋವು

"ಒಂದು ನಿಜ ಹೇಳ್ಲಾ ಆಂಟಿ? ಸೂಜಿ ಇನ್ನೂ ನನ್ನ ಕೈಯಲ್ಲೇ ಇರ್ತಿತ್ತು, ಅಷ್ಟರಲ್ಲಿ ಅಂಕಲ್ 'ಅಮ್ಮಾ' ಅಂತ ಕೂಗ್ಬಿಡ್ತಿದ್ರು!" ಎಂದರು ಡಾಕ್ಟರಮ್ಮ. ಜೀವನ್ ಬಿಮಾ ನಗರದ ಅವರ ಅಕ್ಯುಪಂಕ್ಚರ್ ಕ್ಲಿನಿಕ್ಕಿನಲ್ಲಿ ಭುಜದ ನೋವಿಗೆಂದು ಆರು ಸೂಜಿ ಚುಚ್ಚಿಸಿಕೊಂಡು ಬೋರಲು ಮಲಗಿದ್ದೆ.

ನಮ್ಮೆಜಮಾನರು ತೀರಿಕೊಂಡು ಆಗ ನಾಲ್ಕು ತಿಂಗಳು. ಪಾರ್ಶ್ವವಾಯು ಹೊಡೆದು ಅವರ ಎಡಗಾಲು ಮರಗಟ್ಟಿದಾಗ ಇದೇ ಕ್ಲಿನಿಕ್ಕಿಗೆ ಆಟೋದಲ್ಲಿ ಕರೆತರುತ್ತಿದ್ದೆ. ಸೂಜಿ ನೋಯಿತೆಂದರೆ ಕಾಲಿಗೆ ಸ್ಪರ್ಶ ಮರಳುತ್ತಿದೆ ಎಂದು ನನ್ನ ಲೆಕ್ಕ. ಅವರು ಕೂಗಿದ ದಿನ ನಾನು ಕುಣಿಯುವುದೊಂದು ಬಾಕಿ. ಕಗ್ಗದಾಸಪುರದ ನಮ್ಮ ಬೀದಿಯಲ್ಲಿ ಸಿಕ್ಕವರಿಗೆಲ್ಲ "ಇವತ್ತು ನಮ್ಮವರಿಗೆ ಚೆನ್ನಾಗಿ ನೋವಾಯ್ತು ಕಣ್ರೀ" ಎಂದು ಹೇಳುತ್ತಿದ್ದೆ. ಕೇಳಿದವರು ನನ್ನನ್ನೇ ಒಂಥರಾ ನೋಡುತ್ತಿದ್ದರು. ಆ ಕಾಲು ಮಾತ್ರ ಕೊನೆವರೆಗೂ ನೆಲಕ್ಕೆ ಊರಲಾಗಲಿಲ್ಲ.

"ಮತ್ತೆ ಆಗಲೇ ಯಾಕ್ರೀ ಹೇಳ್ಲಿಲ್ಲ?" ಎಂದು ಕೇಳಿದೆ.

"ನೀವು ಆಚೆ ಹೋದಾಗ ಅಂಕಲ್ಲೇ ಬೇಡ ಅಂದಿದ್ರು. 'ಸುಮ್ನಿರಮ್ಮಾ, ನಾನು ಕೂಗಿದ ದಿನ ಅವಳು ಹೊಟ್ಟೆ ತುಂಬ ಊಟ ಮಾಡ್ತಾಳೆ' ಅಂದ್ರು."

ನನಗೆ ನಗು ತಡೆಯಲಾಗಲಿಲ್ಲ. ಭುಜದ ಮೇಲಿನ ಸೂಜಿಗಳೆಲ್ಲ ಅಲುಗಿದವು. "ಅಯ್ಯೋ, ಅಲ್ಲಾಡ್ಬೇಡಿ ಆಂಟಿ!" ಎಂದು ಡಾಕ್ಟರಮ್ಮ ಗದರಿದರು.

ನಮ್ಮೆಜಮಾನರು ಹೋದ ಮೇಲೆ, ಒಬ್ಬಳಿಗೇ ಏನು ಅಡುಗೆ ಎಂದುಕೊಂಡು ಬ್ರೆಡ್ಡು, ಮಜ್ಜಿಗೆಯಲ್ಲೇ ದಿನ ತಳ್ಳುತ್ತಿದ್ದೆ. ಅವತ್ತು ಮನೆಗೆ ಬಂದವಳೇ ಅನ್ನಕ್ಕಿಟ್ಟು, ಸೊಪ್ಪಿನ ಸಾರು ಮಾಡಿ, ಎರಡು ಸಲ ಬಡಿಸಿಕೊಂಡು ಉಂಡೆ.