ಕಲ್ಲಾಗಿ ಕೂತಿದ್ದ ಅತ್ತೆ

"ಅತ್ತೀ, ನಾ ಬಂದೀನ್ರಿ" ಎಂದೆ. ಹುಮನಾಬಾದಿನ ಗಂಡನ ಮನೆಯ ಪಡಸಾಲೆಯಲ್ಲಿ ಕೂತಿದ್ದ ಅತ್ತೆ ತುಟಿ ಬಿಚ್ಚಲಿಲ್ಲ. ನಿಜಾಮರ ಕಾಲ. ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಹೋದವಳು, ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದಿದ್ದೆ. ಅದಕ್ಕೇ ಸಿಟ್ಟೇನೋ ಎಂದುಕೊಂಡೆ. ಸುತ್ತ ಕೂತಿದ್ದ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಆಗ ನೆಲದ ಮೇಲೆ ಸುಣ್ಣದಲ್ಲಿ ಬರೆದ ಮನೆಗಳು ಕಂಡವು. ಅದು ನಮ್ಮ ಆಟ! ನನ್ನ ತವರು ಕಲ್ಯಾಣದಲ್ಲಿ ಪಕ್ಕದ ಮನೆಯ ಜೊಹರಾಳ ಅಜ್ಜ ಹೇಳುತ್ತಿದ್ದ ಮಾಯಾವಿಯ ಕಿಲ್ಲೆಯ ಕಥೆಗೆ ಹುಚ್ಚಾಗಿ, ಅವಳೂ ನಾನೂ ಸೇರಿ ಕಟ್ಟಿದ್ದು. ಮಾಯಾವಿಯ ಮನೆಗೆ ಬಿದ್ದವರು ಕಲ್ಲಾಗಬೇಕು. ಇನ್ನೊಬ್ಬರು ಎಸೆದ ಕವಡೆಗಳೆಲ್ಲ ಅಂಗಾತ ಬೀಳುವ ತನಕ ಮಾತಾಡುವಂತಿಲ್ಲ. ಬಳೆ ಮಾರಲು ಬಂದ ನಮ್ಮೂರಿನ ಬಳೆಗಾರ್ತಿ ಇಲ್ಲಿಯವರಿಗೂ ಅದನ್ನು ಕಲಿಸಿದ್ದಳೆಂದು ಆಮೇಲೆ ತಿಳಿಯಿತು.

ಗಂಟು ಪಕ್ಕಕ್ಕಿಟ್ಟು ಕವಡೆಗೆ ಕೈ ಹಾಕಿದೆ.

"ಮೊದಲ ಕೈಕಾಲ ತೊಳ್ಕೋ" ಎಂದಳು ಹಿರಿಯ ನೆಗೆಣ್ಣಿ.

"ಅತ್ತೀನ ಬಿಡಿಸಿ ತೊಳ್ಕೋತೀನ್ರಿ ಅಕ್ಕಾ."

ಎಲ್ಲವೂ ಅಂಗಾತ ಬೀಳಲಿಲ್ಲ. ಮತ್ತೆ ಎಸೆದೆ, ಮತ್ತೆ ಮತ್ತೆ ಎಸೆದೆ. ತೋಳು ಸೋಲುವ ಹೊತ್ತಿಗೆ ಎಲ್ಲವೂ ಅಂಗಾತ ಬಿದ್ದವು. ಅತ್ತೆ ಉಸಿರು ಬಿಟ್ಟು ನನ್ನ ಕೈ ಹಿಡಿದುಕೊಂಡರು: "ಬಾ ನನ್ನವ್ವಾ, ನಿನ್ನ ಮಾತಾಡಸ್ಲಿಕ್ಕಾಗದ ಜೀವಾನ ಹೋಗಾಕತ್ತಿತ್ತ!"

ಮುಂದೆ ಆ ಮನೆಯಲ್ಲಿ ನಿಜವಾದ ಸಿಟ್ಟಿನ ಮೌನಗಳೂ ಬಂದವು. ಒಂದು ಸಲವೂ ನಾನು ಮೂಲೆ ಸೇರಿ ಅಳಲಿಲ್ಲ. ಕವಡೆ ಕುಲುಕುತ್ತ ಅತ್ತೆಯ ಎದುರಿಗೇ ಹೋಗಿ ಕೂರುತ್ತಿದ್ದೆ.