ಕೊಡದ ನೀರು ಆರುವಷ್ಟು ದೂರ

“ಯಾರ ಮನಿ ಅಳೀಲತ್ತೀರಿ ಸರ?”

ಭಾಲ್ಕಿ ಸ್ಟೇಷನ್ ಹಿಂದಿನ ಓಣಿಯಲ್ಲಿ ಟೇಪ್ ಹಿಡಿದು ಮಂಡಿಯೂರಿದ್ದ ನನ್ನನ್ನು ಕಟ್ಟೆಯ ಮೇಲಿದ್ದ ಅಜ್ಜಿ ಕೇಳಿದರು. ನನ್ನಂಥ ನಿವೃತ್ತ ಇತಿಹಾಸ ಮೇಷ್ಟ್ರಿಗೆ ಅಷ್ಟೇ ಸಾಕಿತ್ತು. ತಾಯಿಯ ಹೆಸರು ಹೇಳಿ, ನಾನೂ ಇದೇ ಓಣಿಯಲ್ಲಿ ಹುಟ್ಟಿದವನೆಂದು ಬೀಗಿ, ಪಾಠ ಶುರುಮಾಡಿದೆ: ಹಳೆಯ ಮನೆಗಳೆಲ್ಲ ಹಳಿಯಿಂದ ಇನ್ನೂರು ಹೆಜ್ಜೆಯೊಳಗೇ ಮುಗಿಯುತ್ತವೆ, ಇದು ನಿಜಾಮನ ಕಾಲದ ಯಾವನೋ ಇಂಜಿನಿಯರ್ ಹಾಕಿದ ಗಡಿಯೇ ಇರಬೇಕು.

ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕರು.

“ಎಲ್ಲೀ ಇಂಜಿನಿಯರ್ರಿ? ಕಲ್ಲಿದ್ದಲ ಗಾಡಿ ನಿಂತಾಗ ಡ್ರೈವರ್ ಇಂಜಿನ್ನಿಂದ ನಮಗ ಬಿಸಿನೀರು ಬಿಡ್ತಿದ್ದ. ಕೊಡ ಹೊತ್ತು ಮನಿ ಮುಟ್ಟೂದ್ರಾಗ ನೀರು ಆರಬಾರ್ದಲ್ರಿ? ಅದಕ್ಕ ಎಲ್ಲಾರೂ ಇಷ್ಟರಾಗೇ ಮನಿ ಕಟ್ಟೀವಿ. ನಿಮ್ಮವ್ವ ಬಾಣಂತಿ ಇದ್ದಾಗ, ನಿಮ್ಮನ್ನ ಕಾಲಮ್ಯಾಲ ಮಲಗ್ಸಿ, ಅದೇ ನೀರು ನಾನೇ ಎರದೀನ್ರಿ. ಭಾಳ ಅಳ್ತಿದ್ರಿ.”

ಮೂವತ್ತು ವರ್ಷ ಇತಿಹಾಸ ಕಲಿಸಿದವನು ಟೇಪ್ ಸುತ್ತಿಕೊಂಡೆ. ಆ ಇಂಜಿನಿಯರನ ಗಡಿಯ ಬಗ್ಗೆ ಮೂರು ತಿಂಗಳು ಕೂತು ಬರೆದಿದ್ದ ಲೇಖನ ಈಗ ಅಟ್ಟದ ಮೇಲಿದೆ. ರೈಲಿನ ಸಿಳ್ಳೆ ಕೇಳಿದಾಗಲೆಲ್ಲ ಯಾರೋ ನೆತ್ತಿಯ ಮೇಲೆ ತಂಬಿಗೆ ಬಗ್ಗಿಸಿದಂತಾಗುತ್ತದೆ. ಅಳು ಮಾತ್ರ ಬರುವುದಿಲ್ಲ.